ಕಾಲುವೆಗೆ ಹರಿದ ಉಳಿತಾಯದ ಹಣ

ಅಣೆಕಟ್ಟು, ಕಾಲುವೆಗಳೆಂದರೆ ಸರ್ಕಾರದ ಕೆಲಸ ಎಂಬುದು ನಮ್ಮಲ್ಲಿ ಬೇರೂರಿದ ತಿಳಿವಳಿಕೆ. ಆದರೆ ಕೃಷ್ಣಾ ಮತ್ತು ತುಂಗಭದ್ರಾ ಬಯಲಿನ ನೀರಾವರಿ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಹರಿದ ನೀರಿನ ಹಿಂದೆ ಖಜಾನೆಯ ಹಣದ ಜತೆಗೆ ಜನರ ಉಳಿತಾಯದ ಹಣವೂ ಇದೆ. ಅದು ಮೂರು ದಾರಿಗಳಲ್ಲಿ ಬಂತು. ಹಣ ಹೂಡಿದವರಿಗೆ ದಕ್ಕಿದ ಫಲವೂ ಮೂರು ಬಗೆಯದು.

ಮೊದಲನೆಯದು ಸಿಂಧನೂರಿನ ಕಥೆ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದಾಗ ಸಿಂಧನೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳ ಜಂಟಿ ಯೋಜನೆ ಅದು. 1953ರ ಜುಲೈನಲ್ಲಿ ನೀರು ಹರಿಯಿತು. ಆದರೆ ಕಾಲುವೆಗೆ ನೀರು ಬಂದ ಮಾತ್ರಕ್ಕೆ ಬೆದ್ದಲು ಭೂಮಿ ಗದ್ದೆಯಾಗುವುದಿಲ್ಲ. ನೆಲ ಸಮ ಮಾಡಬೇಕು, ಬದು ಹಾಕಬೇಕು, ಹೊಲಗಾಲುವೆ ತೋಡಬೇಕು. ಮಳೆಯನ್ನೇ ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದ ಸ್ಥಳೀಯ ರೈತರಲ್ಲಿ ಅನೇಕರಿಗೆ ಅಷ್ಟು ಬಂಡವಾಳವೂ ಇರಲಿಲ್ಲ, ನಾಟಿ ಭತ್ತದ ರೂಢಿಯೂ ಇರಲಿಲ್ಲ.

ಈ ಕೊರತೆ ತುಂಬಿದವರು ಕರಾವಳಿ ಆಂಧ್ರದ ರೈತರು. ಗೋದಾವರಿ, ಕೃಷ್ಣಾ ಮುಖಜಭೂಮಿಯಲ್ಲಿ ಜಮೀನು ದುಬಾರಿ, ಇಲ್ಲಿ ಅಗ್ಗ. ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಊರಿನ ಆಸ್ತಿಯನ್ನು ಹಣವಾಗಿಸಿಕೊಂಡು ಬಂದು, ಹೊಲಗಳ ಮಧ್ಯೆ ಗುಡಿಸಲು ಹಾಕಿ ನೆಲೆ ನಿಂತರು. ಅವರ ವಸತಿಗಳನ್ನು ಜನ ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ. ಸಿಂಧನೂರು, ಗಂಗಾವತಿ, ಕಾರಟಗಿಗಳು ಭತ್ತದ ನಾಡಾದದ್ದು ಹೀಗೆ. ಸರ್ಕಾರ ಕಾಲುವೆ ತೋಡಿತು, ಖಾಸಗಿ ಉಳಿತಾಯ ಗದ್ದೆ ಮಾಡಿತು.

ಇದಕ್ಕೆ ಬೆಲೆಯೂ ಇತ್ತು. ಅಗ್ಗಕ್ಕೆ ಹೊಲ ಮಾರಿದ ಕೆಲವರು ನೀರು ಬಂದ ಮೇಲೆ ಕೂಲಿಗೆ ಹೋಗಬೇಕಾಯಿತು. ಎಡದಂಡೆ ಕಾಲುವೆಯನ್ನು ಬಹುಪಾಲು ಕಡಿಮೆ ನೀರು ಬೇಡುವ ಬೆಳೆಗಳ ಲೆಕ್ಕದಲ್ಲಿ ರೂಪಿಸಲಾಗಿತ್ತು. ಮೇಲ್ಭಾಗವೆಲ್ಲ ಭತ್ತವಾದಾಗ ಕೊನೆಭಾಗದ ಮಾನ್ವಿ, ರಾಯಚೂರು ಕಡೆಯ ರೈತರಿಗೆ ನೀರು ತಲುಪುವುದೇ ಕಷ್ಟವಾಯಿತು. ಒಬ್ಬರ ಹೂಡಿಕೆ ಫಲ ಕೊಟ್ಟಿತು, ನಷ್ಟ ಇನ್ನೊಬ್ಬರ ಪಾಲಾಯಿತು.

ಎರಡನೆಯ ದಾರಿ ಕೃಷ್ಣೆಯ ಮೇಲ್ಭಾಗದಲ್ಲಿ, ಜಮಖಂಡಿ ತಾಲ್ಲೂಕಿನಲ್ಲಿ ಕಂಡದ್ದು. ಬೇಸಿಗೆಯಲ್ಲಿ ನದಿ ಬತ್ತಿ, ದಂಡೆಯ ಪಂಪ್‌ಸೆಟ್‌ಗಳು ಸುಮ್ಮನಾಗುತ್ತಿದ್ದವು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ಅನುದಾನಕ್ಕೆ ಕಾಯದೆ ತಾವೇ ಹಣ ಹಾಕಿ, ಶ್ರಮದಾನ ಮಾಡಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದರು. ಖರ್ಚು ಸುಮಾರು ಒಂದು ಕೋಟಿ ರೂಪಾಯಿ. ಹೆಸರು ‘ಶ್ರಮಬಿಂದು ಸಾಗರ’. ಜನ ಇದನ್ನು ಎಷ್ಟು ಮೆಚ್ಚಿದರೆಂದರೆ, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ನ್ಯಾಮಗೌಡರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಇಲ್ಲಿ ಬಡ್ಡಿಯ ಮಾತೇ ಇರಲಿಲ್ಲ. ಹಣ ಹಾಕಿದವರಿಗೆ ಸಿಕ್ಕ ಲಾಭವೆಂದರೆ ನೀರು.

ಮೂರನೆಯದು ಬಾಂಡ್, ಅಂದರೆ ಸಾಲಪತ್ರದ ದಾರಿ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರ ಮೇ ತಿಂಗಳಲ್ಲಿ ಅಡಿಗಲ್ಲು ಹಾಕಿದರೂ ಕೆಲಸ ದಶಕಗಳ ಕಾಲ ಕುಂಟಿತು. ಬಚಾವತ್ ನ್ಯಾಯಮಂಡಳಿಯ ತೀರ್ಪನ್ನು 2000ನೇ ಇಸವಿಯ ಮೇ 31ರ ನಂತರ ಮರುಪರಿಶೀಲಿಸಲು ಅವಕಾಶವಿತ್ತು. ಅಷ್ಟರೊಳಗೆ ಪಾಲಿನ ನೀರು ಬಳಸದಿದ್ದರೆ ಹಕ್ಕಿಗೇ ಧಕ್ಕೆ ಬಂದೀತೆಂಬ ಭಯ ರಾಜ್ಯಕ್ಕೆ. ಬಜೆಟ್ಟಿನ ಹಣ ಸಾಲದು. ಹಾಗಾಗಿ 1994ರಲ್ಲಿ ಕಂಪನಿ ಕಾಯ್ದೆಯಡಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಸರ್ಕಾರದ ಖಾತರಿಯ ಮೇಲೆ ಬಾಂಡ್ ಮಾರಿ ಹಣ ಎತ್ತಿತು. ಲಿಂಗಸುಗೂರು, ದೇವದುರ್ಗಗಳ ಹೊಲಗಳಿಗೆ ನೀರುಣಿಸುವ ನಾರಾಯಣಪುರ ಬಲದಂಡೆ ಕಾಲುವೆ ಇದೇ ಯೋಜನೆಯ ಭಾಗ.

ಬಾಂಡ್ ಕೊಂಡವನಿಗೆ ಕಾಲುವೆಯಲ್ಲಿ ಪಾಲಿಲ್ಲ. ಅವನು ಸಾಲ ಕೊಟ್ಟವನು, ಬಡ್ಡಿ ಮತ್ತು ಅಸಲಷ್ಟೇ ಅವನ ಹಕ್ಕು. ರೈತರು ಕಟ್ಟುವ ನೀರಿನ ಕರದಿಂದ ಆ ಬಡ್ಡಿ ಹುಟ್ಟದು. ಖಾತರಿ ಕೊಟ್ಟ ಸರ್ಕಾರವೇ ತೆರಬೇಕು, ಎಂದರೆ ಕೊನೆಗೆ ತೆರಿಗೆದಾರರೆಲ್ಲ ತೆರಬೇಕು.

ಇಂಥ ಪತ್ರದ ಮಾತು ಎಷ್ಟು ಗಟ್ಟಿ ಎಂಬುದಕ್ಕೆ ಉದಾಹರಣೆಯೊಂದಿದೆ. ಗುಜರಾತಿನ ಸರ್ದಾರ್ ಸರೋವರ ನರ್ಮದಾ ನಿಗಮ 1993ರಲ್ಲಿ 3,600 ರೂಪಾಯಿಗೆ ಒಂದು ಬಾಂಡ್ ಮಾರಿ, 20 ವರ್ಷಕ್ಕೆ 1,11,000 ರೂಪಾಯಿ ಕೊಡುವುದಾಗಿ ಹೇಳಿತ್ತು. ಮುಂದೆ ದೇಶದಲ್ಲಿ ಬಡ್ಡಿದರ ಇಳಿಯಿತು, ಈ ಹೊರೆ ಭಾರವೆನಿಸಿತು. 2008ರಲ್ಲಿ ಗುಜರಾತ್ ವಿಶೇಷ ಕಾನೂನು ತಂದು, ಅವಧಿಗೆ ಮೊದಲೇ 50,000 ರೂಪಾಯಿಗೆ ಲೆಕ್ಕ ಮುಗಿಸಿತು. ಸಂದ ವರ್ಷಗಳ ಮಟ್ಟಿಗೆ ಆ ಬಡ್ಡಿ ಕಡಿಮೆಯದೇನಲ್ಲ. ಆದರೆ ಮಗಳ ಮದುವೆಗೋ ಮುಪ್ಪಿನ ಕಾಲಕ್ಕೋ ಒಂದು ಲಕ್ಷ ಬರುತ್ತದೆಂದು ನಂಬಿದ್ದವರಿಗೆ, ಸಾಲ ಪಡೆದವನೇ ಕಾನೂನನ್ನೂ ಬರೆಯಬಲ್ಲ ಎಂಬ ಪಾಠವಾಯಿತು.

ಹೀಗೆ ಜಮೀನು ಕೊಂಡವನಿಗೆ ಜಮೀನು, ಬ್ಯಾರೇಜಿಗೆ ಹಣ ಹಾಕಿದವನಿಗೆ ನೀರು, ಬಾಂಡ್ ಕೊಂಡವನಿಗೆ ಬಡ್ಡಿ ದೊರೆಯಿತು. ಕಾಲುವೆಯ ಕೊನೆಯಲ್ಲಿರುವ ರೈತ ಮಾತ್ರ ಈ ಲೆಕ್ಕದ ಹೊರಗೇ ಉಳಿದ. ತೆರಿಗೆಯ ರೂಪದಲ್ಲಿ ಅವನ ಹಣವೂ ಇದರಲ್ಲಿ ಸೇರಿದೆ, ಆದರೆ ಅವನ ಕೈಯಲ್ಲಿ ಯಾವ ಪತ್ರವೂ ಇಲ್ಲ. ಊರಿನ ಕೆಲಸಕ್ಕೆ ನಾಗರಿಕರೇ ಹಣ ಹೂಡಬೇಕು ಎಂಬ ಮಾತು ಬಂದಾಗಲೆಲ್ಲ, ಬಡ್ಡಿ ಎಷ್ಟು ಎಂದು ಕೇಳುವ ಮೊದಲು, ಆ ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದೆಯೇ ಎಂದು ಕೇಳಬೇಕಾಗಿದೆ.