ಬಿರುದು, ಸಂಬೋಧನೆ, ಸ್ಥಾನ: ಚನ್ನಗಿರಿ ಸೀಮೆಯಲ್ಲಿ ಅರಸರ ಹೆಸರಿನ ಹಿಂದುಮುಂದು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ಯಾವ ದೊಡ್ಡ ಸಾಮ್ರಾಜ್ಯಕ್ಕೂ ರಾಜಧಾನಿ ಕೊಟ್ಟ ನೆಲವಲ್ಲ. ಆದರೆ ಕಲ್ಯಾಣದ ಚಾಲುಕ್ಯರಿಂದ ಮೈಸೂರು ಒಡೆಯರವರೆಗೆ ಎಲ್ಲರ ಆಳ್ವಿಕೆಯೂ ಈ ಸೀಮೆಯ ಮೇಲೆ ಹಾದುಹೋಗಿದೆ. ಒಬ್ಬ ಚಕ್ರವರ್ತಿ, ಅವನ ಕೆಳಗೊಬ್ಬ ಮಂಡಲೇಶ್ವರ, ಅವನ ಕೆಳಗೊಬ್ಬ ನಾಡಗೌಡ ಎಂಬ ವ್ಯವಸ್ಥೆ ಶತಮಾನಗಳ ಕಾಲ ಇಲ್ಲಿ ನಡೆಯಿತು. ಹಾಗಾಗಿ ಯಾರನ್ನು ಏನೆಂದು ಕರೆಯಬೇಕು, ಯಾರ ಹೆಸರು ಮೊದಲು ಬರಬೇಕು ಎಂಬ ಪ್ರಶ್ನೆಗೆ ಇಲ್ಲಿ ತೂಕವಿತ್ತು. ಬಿರುದಾವಳಿಯ ಉದ್ದ ನೋಡಿ ಅರಸನ ಸ್ಥಾನ ಅಳೆಯಲು ಹೋದರೆ ಮೋಸಹೋಗುತ್ತೇವೆ. ಆ ಹೆಸರು ಯಾರ ಹೆಸರಿನ ಕೆಳಗೆ ನಿಂತಿದೆ ಎಂಬುದನ್ನು ನೋಡಬೇಕು.

ಶಾಸನದಲ್ಲಿ ಸ್ಥಾನಕ್ರಮ

ಚಾಲುಕ್ಯ ಕಾಲದ ಶಾಸನಗಳಿಗೆ ಒಂದು ನಿಗದಿಯಾದ ಕಟ್ಟು ಇದೆ. ಮೊದಲು ಚಕ್ರವರ್ತಿ. ಅವನಿಗೆ ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಎಂಬ ಸಾಲು. ಇವು ಪರಾಕ್ರಮದ ಹೊಗಳಿಕೆಗಳಲ್ಲ, ಸಾರ್ವಭೌಮ ಪದವಿಯ ಗುರುತುಗಳು. ಆಮೇಲೆ ‘ತತ್ಪಾದಪದ್ಮೋಪಜೀವಿ’, ಅಂದರೆ ಅವನ ಪಾದಕಮಲವನ್ನು ಆಶ್ರಯಿಸಿ ಬಾಳುವವನು ಎಂಬ ಮಾತು ಬರುತ್ತದೆ. ಅದರ ಹಿಂದೆಯೇ ಸಾಮಂತನ ಹೆಸರು, ಅವನ ಬಿರುದುಗಳು. ಅವನ ಕೆಳಗೆ ದಂಡನಾಯಕ, ಹೆಗ್ಗಡೆ, ಗಾವುಂಡ, ಸೇನಬೋವ ಎಂದು ಸಾಲು ಇಳಿಯುತ್ತದೆ.

ಸಾಮಂತರಲ್ಲೂ ಮೇಲುಕೀಳು ಇತ್ತು. ಸಾಮಂತನಿಗಿಂತ ಮಹಾಸಾಮಂತ ದೊಡ್ಡವನು, ಅವನಿಗಿಂತ ಮಹಾಮಂಡಲೇಶ್ವರ. ಮಹಾಮಂಡಲೇಶ್ವರನ ಬಿರುದಾವಳಿ ಕೆಲವು ಕಡೆ ಚಕ್ರವರ್ತಿಯದಕ್ಕಿಂತಲೂ ಉದ್ದ. ವಂಶ, ಮೂಲ ಪಟ್ಟಣ, ಧ್ವಜ, ಲಾಂಛನ, ಗೆದ್ದ ಯುದ್ಧ ಎಲ್ಲವೂ ಅದರಲ್ಲಿರುತ್ತವೆ. ‘ಮಹಾರಾಜಾಧಿರಾಜ’ ಎಂಬ ಒಂದು ಪದ ಮಾತ್ರ ಇರುವುದಿಲ್ಲ.

ಕಿವಿಗೆ ಕೇಳುವ ಗೌರವ

ಮಹಾಮಂಡಲೇಶ್ವರರ ಬಿರುದುಗಳು ಸಾಮಾನ್ಯವಾಗಿ ‘ಸಮಧಿಗತ ಪಂಚಮಹಾಶಬ್ದ’ ಎಂದು ಶುರುವಾಗುತ್ತವೆ. ಐದು ವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕನ್ನು ಪಡೆದವನು ಎಂದರ್ಥ. ಕೊಂಬು, ತಮ್ಮಟೆ, ಶಂಖ, ಭೇರಿ, ಜಯಘಂಟೆ ಎಂದು ಆ ಐದನ್ನು ಕನ್ನಡ ಆಕರಗಳು ಹೆಸರಿಸುತ್ತವೆ. ಈ ಹಕ್ಕನ್ನು ಮೇಲಿನ ಅರಸನೇ ದಯಪಾಲಿಸಬೇಕು. ಊರಿಗೆ ಬರುತ್ತಿರುವವನ ದರ್ಜೆ ಏನೆಂದು ಓದು ಬಾರದ ರೈತನಿಗೂ ದೂರದಿಂದಲೇ ತಿಳಿಯುತ್ತಿತ್ತು.

ಬ್ರಿಟಿಷರ ಕಾಲದಲ್ಲಿ ಇದೇ ಕೆಲಸವನ್ನು ತೋಪುಗಳು ಮಾಡಿದವು. ಚಕ್ರವರ್ತಿಗೆ 101, ವೈಸ್‌ರಾಯ್‌ಗೆ 31 ಕುಶಾಲು ತೋಪು. ಸಂಸ್ಥಾನಿಕರಿಗೆ ಅತಿ ಹೆಚ್ಚೆಂದರೆ 21. ಮೈಸೂರು, ಹೈದರಾಬಾದ್, ಬರೋಡಾ, ಗ್ವಾಲಿಯರ್, ಕಾಶ್ಮೀರ ಈ ಐದಕ್ಕೆ ಮಾತ್ರ ಆ ಮರ್ಯಾದೆ ಸಂದಿತು. ಮೈಸೂರಿನವರು ‘ಹಿಸ್ ಹೈನೆಸ್’ ಆದರೆ, ಹೈದರಾಬಾದಿನ ನಿಜಾಮರಿಗೆ 1918ರಲ್ಲಿ ‘ಹಿಸ್ ಎಕ್ಸಾಲ್ಟೆಡ್ ಹೈನೆಸ್’ ಎಂಬ ಒಂದು ಮೆಟ್ಟಿಲು ಮೇಲಿನ ಸಂಬೋಧನೆ ಸಿಕ್ಕಿತು.

ಉಚ್ಚಂಗಿಯ ಕೋಟೆ, ಹೊಯ್ಸಳರ ಬಿರುದು

ಜಗಳೂರಿನ ನೆರೆಯಲ್ಲಿರುವ ಉಚ್ಚಂಗಿದುರ್ಗದಿಂದ ನೊಳಂಬವಾಡಿ ಮೂವತ್ತೆರಡು ಸಾವಿರ ಎಂಬ ನಾಡನ್ನು ಆಳಿದವರು ಪಾಂಡ್ಯರು. ಅವರಲ್ಲೊಬ್ಬ ತ್ರಿಭುವನಮಲ್ಲ ಪಾಂಡ್ಯ. ‘ತ್ರಿಭುವನಮಲ್ಲ’ ಎಂಬುದು ಅವನ ಸ್ವಂತದ್ದಲ್ಲ. ಅದು ಅವನ ಒಡೆಯ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಬಿರುದು. ಒಡೆಯನ ಬಿರುದನ್ನು ತನ್ನ ಹೆಸರಿನ ಮುಂದೆ ಧರಿಸುವುದು ನಿಷ್ಠೆಯ ಗುರುತು. ಹೊಯ್ಸಳ ವಿಷ್ಣುವರ್ಧನನೂ ಹೀಗೆಯೇ ತ್ರಿಭುವನಮಲ್ಲನಾಗಿದ್ದ. ತಲಕಾಡುಗೊಂಡ, ನೊಳಂಬವಾಡಿಗೊಂಡ ಎಂದು ಗೆದ್ದ ನಾಡುಗಳ ಪಟ್ಟಿಯೇ ಅವನ ಹೆಸರಿಗೆ ಅಂಟಿಕೊಂಡಿದ್ದರೂ ಪದವಿ ಮಾತ್ರ ಮಹಾಮಂಡಲೇಶ್ವರ.

ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳ ಉಚ್ಚಂಗಿಯ ಗಿರಿದುರ್ಗವನ್ನು ಹಿಡಿದ. ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಬಿರುದುಗಳು ಅವನಿಗೆ ಸೇರಿದವು. ಇವು ಗೆಲುವಿನ ಬಿರುದುಗಳು. ಗೆದ್ದವನು ಯಾರೇ ಆದರೂ ಧರಿಸಬಹುದು. ನಿಜವಾದ ಬದಲಾವಣೆ ಆದದ್ದು 1192ರ ಸುಮಾರಿಗೆ. ಚಾಲುಕ್ಯರು ಕುಸಿದಿದ್ದರು. ಬಲ್ಲಾಳ ಸಮಸ್ತಭುವನಾಶ್ರಯ, ಮಹಾರಾಜಾಧಿರಾಜ ಎಂಬ ಸಾರ್ವಭೌಮ ಸಾಲನ್ನೇ ತನ್ನದಾಗಿಸಿಕೊಂಡ. ಅಲ್ಲಿಂದ ಮುಂದೆ ಅವನ ಹೆಸರಿನ ಮೇಲೆ ಇನ್ನೊಬ್ಬನ ಹೆಸರಿಲ್ಲ.

ವಿಜಯನಗರದವರ ಕಥೆಯೂ ಇದೇ. ಸ್ಥಾಪಕರಾದ ಹರಿಹರ, ಬುಕ್ಕರು ತಮ್ಮನ್ನು ಮಹಾಮಂಡಲೇಶ್ವರರೆಂದೇ ಕರೆದುಕೊಂಡರು. ಜೊತೆಗೆ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಅಪ್ಪಟ ಕನ್ನಡದ ಬಿರುದು. ‘ಮಹಾರಾಜಾಧಿರಾಜ ರಾಜಪರಮೇಶ್ವರ’ ಎಂಬುದು ನೆಲೆಗೊಂಡಿದ್ದು 1377ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ಹರಿಹರನ ಕಾಲದಲ್ಲಿ.

ಗೌಡನಿಂದ ನಾಯಕ

ವಿಜಯನಗರ ಕಾಲದ ‘ನಾಯಕ’ ಎಂದರೆ ದಂಡು ಸಾಕುವ ಹೊಣೆ ಹೊತ್ತು ಸೀಮೆ ಪಡೆದವನು. ಸಂತೇಬೆನ್ನೂರಿನ ಪುಷ್ಕರಿಣಿಯನ್ನು ಕಟ್ಟಿಸಿದ ಕೆಂಗ ಹನುಮಪ್ಪ ನಾಯಕ ಆ ದರ್ಜೆಯವನು. ಕೆಳದಿಯ ಮೂಲಪುರುಷ ಚೌಡಗೌಡ ಊರಗೌಡಿಕೆಯಿಂದ ಮೇಲೇರಿ ಚೌಡಪ್ಪ ನಾಯಕನಾದ. ಅವನ ಮಗ ಸದಾಶಿವ ನಾಯಕನಿಗೆ ವಿಜಯನಗರದ ಪರವಾಗಿ ಕಾದಿದ್ದಕ್ಕೆ ‘ಕೋಟೆಕೋಲಾಹಲ’ ಎಂಬ ಬಿರುದು ದೊರೆಯಿತು. ‘ಎಡವಮುರಾರಿ’ ಎಂಬುದು ಮನೆತನಕ್ಕಾಗಿ ಪ್ರಾಣ ಕೊಟ್ಟ ಯಾದವ, ಮುರಾರಿ ಎಂಬ ಇಬ್ಬರು ಆಳುಗಳ ನೆನಪಿನದೆಂದು ಕೆಳದಿಯ ಐತಿಹ್ಯ ಹೇಳುತ್ತದೆ.

ವಿಜಯನಗರದ ಬಲ ಮುರಿದ ಮೇಲೆ ಕೆಳದಿಯವರು ಸ್ವತಂತ್ರರಾದರು. ಆದರೂ ‘ನಾಯಕ’ ಎಂಬ ಹಳೆಯ ಪದವಿಯನ್ನು ಬಿಡಲಿಲ್ಲ. 1623ರಲ್ಲಿ ಅವರ ರಾಜಧಾನಿ ಇಕ್ಕೇರಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ವೆಂಕಟಪ್ಪ ನಾಯಕನ ಈ ಸಾಮಂತ ಹಿನ್ನೆಲೆಯನ್ನು ಗಮನಿಸಿ ಬರೆದಿದ್ದಾನೆ. ಚನ್ನಗಿರಿಗೆ ತನ್ನ ಹೆಸರು ಕೊಟ್ಟ ಕೆಳದಿಯ ಚೆನ್ನಮ್ಮಾಜಿ 1672ರಿಂದ 1697ರವರೆಗೆ ತಾನೇ ಪಟ್ಟದಲ್ಲಿದ್ದು ಆಳಿದಳು. ಚೆನ್ನಮ್ಮಾಜಿ, ವೀರಮ್ಮಾಜಿ ಎಂದು ಹೆಸರಿಗೇ ಸೇರಿದ ‘ಜಿ’ ಕೆಳದಿಯ ರಾಣಿಯರಿಗೆ ಸಲ್ಲುತ್ತಿದ್ದ ಗೌರವ.

ಹೊನ್ನಾಳಿಯ ಹಕ್ಕುದಾರ

1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು (ಮುಂದೆ ‘ನಗರ’ ಎಂದು ಹೆಸರಾದ ಊರು) ಗೆದ್ದು ಕೆಳದಿಯ ಪಟ್ಟವನ್ನು ಕೊನೆಗಾಣಿಸಿದ. ಅವನು ಅಧಿಕಾರವೆಲ್ಲ ಕೈಯಲ್ಲಿದ್ದರೂ ಒಡೆಯರನ್ನು ಸಿಂಹಾಸನದಲ್ಲೇ ಉಳಿಸಿ ತಾನು ಸರ್ವಾಧಿಕಾರಿಯಾಗಿ ನಡೆದುಕೊಂಡ; ‘ಪಾದಷಾ’ ಎಂದು ಕರೆಸಿಕೊಂಡವನು ಅವನ ಮಗ ಟಿಪ್ಪು.

ಆಳುವವರಿಲ್ಲದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೂ ನಗರದ ಪಟ್ಟದ ಹೆಸರಿಗೆ ಜನರಲ್ಲಿ ಬೆಲೆಯಿತ್ತು. ಹೊನ್ನಾಳಿ ಸೀಮೆಯ ಚಿನ್ನಿಕಟ್ಟೆಯ ಸಾದರಮಲ್ಲ ‘ಬೂದಿ ಬಸವಪ್ಪ’ ಎಂಬ ಹೆಸರಿನಲ್ಲಿ ತಾನೇ ನಗರದ ಅರಸರ ವಾರಸುದಾರನೆಂದು ಸಾರಿದ. ಆ ಅರಸರ ಮುದ್ರೆ ತನ್ನಲ್ಲಿರುವುದೇ ಅವನು ತೋರಿಸಿದ ಆಧಾರ. ಕಂದಾಯದ ಹೊರೆಯಿಂದ ಬೇಸತ್ತು ಕೂಟ ಕಟ್ಟಿದ್ದ ರೈತರು ಅವನ ಹಿಂದೆ ನಿಂತರು. 1830–31ರ ನಗರ ದಂಗೆ ಎಂದು ಪ್ರಸಿದ್ಧವಾದ ಈ ಹೋರಾಟದಲ್ಲಿ ಹೊನ್ನಾಳಿ ಕೋಟೆ ಮುಖ್ಯ ನೆಲೆಗಳಲ್ಲೊಂದು. ದಂಗೆ ಅಡಗಿತು, ಅದನ್ನೇ ಕಾರಣ ಮಾಡಿ ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡರು. ‘ಮಹಾರಾಜ’ ಎಂಬ ಸಂಬೋಧನೆ ಅವರಲ್ಲೇ ಉಳಿಯಿತು, ಅಧಿಕಾರ ಕಮಿಷನರ್‌ಗೆ ಹೋಯಿತು.

ಮೈಸೂರು ಅರಮನೆಯ ಮಾತು

ಅರಮನೆಯಲ್ಲಿ ಅರಸರಿಗೆ ‘ಮಹಾಸ್ವಾಮಿ’, ‘ಬುದ್ಧಿ’ ಎಂಬ ಸಂಬೋಧನೆ. ದರ್ಬಾರಿಗೆ ದಯಮಾಡಿಸುವಾಗ ಹೊಗಳುಭಟರ ‘ಬಹುಪರಾಕ್’. ರಾಣಿಯರನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ, ‘ಸನ್ನಿಧಾನ’ ಎನ್ನಬೇಕಿತ್ತು. 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದ ಕೆಂಪನಂಜಮ್ಮಣ್ಣಿಯವರು ವಾಣಿವಿಲಾಸ ಸನ್ನಿಧಾನ. ಅರಸರು ಪ್ರಜೆಗಳಿಗೆ ಬಿರುದು ಕೊಡುವ ಪದ್ಧತಿಯೂ ಇತ್ತು. ಬಿ.ಎಂ. ಶ್ರೀಕಂಠಯ್ಯ ‘ರಾಜಸೇವಾಸಕ್ತ’, ದಿವಾನ್ ಮಿರ್ಜಾ ಇಸ್ಮಾಯಿಲ್ ‘ಅಮೀನ್-ಉಲ್-ಮುಲ್ಕ್’.

ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು 1950ರ ಜನವರಿ 26ರಂದು ರಾಜಪ್ರಮುಖರಾದರು, 1956ರ ನವೆಂಬರ್‌ನಲ್ಲಿ ರಾಜ್ಯಪಾಲರಾದರು. ಹೀಗೆ ಒಬ್ಬರೇ ವ್ಯಕ್ತಿಗೆ ಒಂದರ ಹಿಂದೊಂದರಂತೆ ಮೂರು ಪದವಿ, ಮೂರು ಬಗೆಯ ಸಂಬೋಧನೆ ಸಂದವು.

ಮಠದ ಸಿಂಹಾಸನ, ತಾಂಡಾದ ಮಹಾರಾಜ್

ಅರಸೊತ್ತಿಗೆಯ ಮಾತುಗಳು ಅರಮನೆಗಿಂತ ಹೆಚ್ಚು ಕಾಲ ಬಾಳಿದ್ದು ಧರ್ಮಪೀಠಗಳಲ್ಲಿ. ವೀರಶೈವ ಪಂಚಪೀಠಗಳ ಹೆಸರಿನಲ್ಲೇ ಸಿಂಹಾಸನವಿದೆ: ರಂಭಾಪುರಿಯದು ವೀರಸಿಂಹಾಸನ, ಜಗಳೂರಿಗೆ ಸಮೀಪದ ಉಜ್ಜಯಿನಿಯದು ಸದ್ಧರ್ಮ ಸಿಂಹಾಸನ. ಪೀಠಾರೋಹಣವನ್ನು ‘ಪಟ್ಟಾಭಿಷೇಕ’ ಎನ್ನುತ್ತಾರೆ, ಜಗದ್ಗುರುಗಳ ಹೆಸರಿಗೆ ‘ಶ್ರೀ ಶ್ರೀ ಶ್ರೀ 1008’ ಸೇರುತ್ತದೆ. ಭಕ್ತರು ಸ್ವಾಮಿಗಳನ್ನು ‘ಬುದ್ಧಿ’ ಎಂದೇ ಮಾತಾಡಿಸುತ್ತಾರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಬಂಜಾರರು ಪೂಜಿಸುವ ಸಂತ ಸೇವಾಲಾಲರಿಗೆ ‘ಮಹಾರಾಜ್’ ಎಂಬ ಸಂಬೋಧನೆ ಸಲ್ಲುತ್ತದೆ. ಅವರಿಗೆ ಆಳುವ ಸೀಮೆ ಇರಲಿಲ್ಲ.

ಗಣರಾಜ್ಯದ ಶಿಷ್ಟಾಚಾರ

ಸಂವಿಧಾನದ 18ನೇ ವಿಧಿ ಸೈನಿಕ ಮತ್ತು ವಿದ್ವತ್ ಪದವಿಗಳನ್ನು ಬಿಟ್ಟು ಉಳಿದ ಬಿರುದುಗಳನ್ನು ಸರ್ಕಾರ ಕೊಡದಂತೆ ತಡೆಯಿತು. 1971ರ 26ನೇ ತಿದ್ದುಪಡಿ ಸಂಸ್ಥಾನಿಕರ ಮಾನ್ಯತೆಯನ್ನೂ ರಾಜಧನವನ್ನೂ ರದ್ದುಮಾಡಿತು. 2012ರಲ್ಲಿ ರಾಷ್ಟ್ರಪತಿ ಭವನ ದೇಶದೊಳಗಿನ ಸಮಾರಂಭಗಳಲ್ಲಿ ‘ಹಿಸ್ ಎಕ್ಸಲೆನ್ಸಿ’ ಬಳಕೆಯನ್ನು ಕೈಬಿಟ್ಟಿತು.

ಸ್ಥಾನಕ್ರಮ ಮಾತ್ರ ಹೋಗಲಿಲ್ಲ. ಕೇಂದ್ರ ಸರ್ಕಾರದ ಅಗ್ರತಾಪಟ್ಟಿಯಲ್ಲಿ ರಾಷ್ಟ್ರಪತಿ ಮೊದಲು, ಆಮೇಲೆ ಉಪರಾಷ್ಟ್ರಪತಿ, ಪ್ರಧಾನಿ. ತಮ್ಮ ರಾಜ್ಯದೊಳಗೆ ರಾಜ್ಯಪಾಲರು ಪ್ರಧಾನಿಯ ನಂತರ. ತಾಲ್ಲೂಕಿನ ಸರ್ಕಾರಿ ಸಮಾರಂಭವಾದರೆ ಸಾಮಾನ್ಯವಾಗಿ ಕ್ಷೇತ್ರದ ಶಾಸಕರದೇ ಅಧ್ಯಕ್ಷತೆ. ಊರಿನ ಆಮಂತ್ರಣ ಪತ್ರಿಕೆಯಲ್ಲಿ ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಗೌರವ ಉಪಸ್ಥಿತಿ ಎಂದು ಹೆಸರುಗಳು ಇಳಿಯುತ್ತವೆ. ಶಿಲಾಫಲಕದಲ್ಲಿ ಒಂದು ಹೆಸರು ಬಿಟ್ಟರೆ ಅಥವಾ ಕೆಳಗೆ ಸರಿದರೆ ‘ಶಿಷ್ಟಾಚಾರ ಉಲ್ಲಂಘನೆ’ ಎಂಬ ದೂರು ಏಳುತ್ತದೆ. ಬಿರುದು ಹೋದರೂ ಸಾಲಿನ ಮೇಲಿನ ಆಸೆ ಹೋಗಿಲ್ಲ. ಆದರೆ ಇಂದಿನ ಸ್ಥಾನ ಹುದ್ದೆಗೆ ಸೇರಿದ್ದು. ಐದು ವರ್ಷಕ್ಕೊಮ್ಮೆ ಮತದಾರ ಆ ಹೆಸರನ್ನೇ ಬದಲಿಸಬಲ್ಲ.