ಅಬ್ರಹಾಂ ಬೀಮ್: ಲೆಕ್ಕಿಗರೊಬ್ಬರ ಮಹಾಪೌರ ಪದವಿ

ಅಬ್ರಹಾಂ ಬೀಮ್ (1906–2001) ಅಮೆರಿಕದ ನ್ಯೂಯಾರ್ಕ್ ನಗರಕ್ಕೆ 1974ರಿಂದ 1977ರವರೆಗೆ ಮಹಾಪೌರರಾಗಿದ್ದವರು. ಲಂಡನ್ನಿನಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿ, ನ್ಯೂಯಾರ್ಕಿನ ಬಡ ವಲಸಿಗರ ಬೀದಿಗಳಲ್ಲಿ ಬೆಳೆದರು. ಶುಲ್ಕವಿಲ್ಲದೆ ವಿದ್ಯೆ ನೀಡುತ್ತಿದ್ದ ಸಿಟಿ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿತು 1928ರಲ್ಲಿ ಪದವಿ ಪಡೆದರು. ಬಳಿಕ 1946ರವರೆಗೆ ಪ್ರೌಢಶಾಲೆಯೊಂದರಲ್ಲಿ ಅದೇ ವಿಷಯವನ್ನು ಬೋಧಿಸಿದರು.

ಅನಂತರದ ಬದುಕೆಲ್ಲ ನಗರದ ಜಮಾ-ಖರ್ಚಿನೊಡನೆಯೇ ಸಾಗಿತು. 1952ರಲ್ಲಿ ಆಯವ್ಯಯ ನಿರ್ದೇಶಕರಾದರು. 1962ರಿಂದ 1965ರವರೆಗೆ ಮತ್ತು 1970ರಿಂದ 1973ರವರೆಗೆ ನಗರದ ಚುನಾಯಿತ ಲೆಕ್ಕಾಧಿಕಾರಿಯಾಗಿದ್ದರು. 1965ರ ಮಹಾಪೌರ ಚುನಾವಣೆಯಲ್ಲಿ ಜಾನ್ ಲಿಂಡ್ಸೆ ಅವರೆದುರು ಸೋತರೂ, 1973ರಲ್ಲಿ ಹಣದ ಮರ್ಮ ಬಲ್ಲವರೆಂಬ ಪ್ರಚಾರವೇ ಅವರನ್ನು ಗೆಲ್ಲಿಸಿತು.

ಆ ಹೊತ್ತಿಗೆ ಬೊಕ್ಕಸ ಬರಿದಾಗಿತ್ತು. ವರ್ಷಗಳಿಂದ ನಗರವು ದಿನನಿತ್ಯದ ಖರ್ಚಿನ ಒಂದು ಭಾಗವನ್ನು ಬಂಡವಾಳ ವೆಚ್ಚದ ಲೆಕ್ಕದಲ್ಲಿ ತೋರಿಸಿ, ಅಲ್ಪಾವಧಿ ಸಾಲವನ್ನು ಹೊಸ ಸಾಲದಿಂದ ತೀರಿಸುತ್ತ ಬಂದಿತ್ತು. ಮನೆ ಕಟ್ಟಲು ತಂದ ಸಾಲದಲ್ಲಿ ದಿನಸಿ ಕೊಂಡಂತೆ! ಈ ಪದ್ಧತಿಯ ಹೊಣೆಯನ್ನೆಲ್ಲ ಬೀಮ್ ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವೆಂದು ನಾವು ಭಾವಿಸುವುದಿಲ್ಲ. ಆದರೆ ಆ ಪುಸ್ತಕಗಳನ್ನು ಅವರಷ್ಟು ಹತ್ತಿರದಿಂದ ಬಲ್ಲವರು ವಿರಳ; ತಿಳಿಯದೆ ನಡೆದುಹೋಯಿತೆಂಬ ಮಾತು ಅವರಿಗೆ ಒಪ್ಪದು.

1975ರಲ್ಲಿ ಬ್ಯಾಂಕುಗಳು ಸಾಲ ನಿಲ್ಲಿಸಿದವು. ಸಾವಿರಾರು ನೌಕರರು ಕೆಲಸ ಕಳೆದುಕೊಂಡರು, ಪೊಲೀಸರೂ ಅದರಲ್ಲಿದ್ದರು. ಸುರಂಗ ರೈಲಿನ ದರ 35 ಸೆಂಟಿನಿಂದ 50 ಸೆಂಟಿಗೇರಿತು. ನಗರದ ಪರವಾಗಿ ಸಾಲಪತ್ರ ಮಾರಲು ರಾಜ್ಯ ಸರ್ಕಾರವು ಪ್ರತ್ಯೇಕ ನಿಗಮವನ್ನು ರಚಿಸಿತು. ಸೆಪ್ಟೆಂಬರಿನಲ್ಲಿ ಹಣಕಾಸು ನಿಯಂತ್ರಣ ಮಂಡಳಿಯೊಂದು ಬಂದು, ಆಯವ್ಯಯದ ಮೇಲಿನ ಹಿಡಿತ ಮಹಾಪೌರರ ಕೈತಪ್ಪಿತು. ಲೆಕ್ಕಿಗರಿಗೆ ಇದಕ್ಕಿಂತ ಕಹಿಯಾದುದು ಏನಿದ್ದೀತು?

ಅಕ್ಟೋಬರ್ 17ರಂದು 45 ಕೋಟಿ ಡಾಲರಿಗೂ ಮಿಕ್ಕಿದ ಸಾಲದ ಗಡುವಿತ್ತು. ನಗರವು ದಿವಾಳಿಯಾಯಿತೆಂಬ ಹೇಳಿಕೆಯ ಕರಡೂ ಸಿದ್ಧವಾಗಿತ್ತು. ಕೊನೆಯ ಗಳಿಗೆಯಲ್ಲಿ ಶಿಕ್ಷಕರ ಪಿಂಚಣಿ ನಿಧಿಯು 15 ಕೋಟಿ ಡಾಲರಿನ ಸಾಲಪತ್ರ ಕೊಳ್ಳಲು ಒಪ್ಪಿ ನಗರವನ್ನು ಉಳಿಸಿತು. ಹಿಂದೆ ಶಿಕ್ಷಕರಾಗಿದ್ದವರ ಮಾನವನ್ನು ಶಿಕ್ಷಕರ ಉಳಿತಾಯವೇ ಕಾಯ್ದಿತು. ಅದೇ ತಿಂಗಳು ನೆರವು ನಿರಾಕರಿಸಿದ್ದ ಅಧ್ಯಕ್ಷ ಫೋರ್ಡ್, ವರ್ಷಾಂತ್ಯದೊಳಗೆ ಕೇಂದ್ರದಿಂದ ಕೈಸಾಲ ಕೊಡಲು ಸಮ್ಮತಿಸಿದರು.

ಬಡವರಿಗೆ ಬಿದ್ದ ಹೊರೆ ಮಾತ್ರ ಇಳಿಯಲಿಲ್ಲ. 1976ರಲ್ಲಿ, ಬೀಮ್ ಅವರನ್ನು ಓದಿಸಿದ್ದ ಸಿಟಿ ಕಾಲೇಜೂ ಸೇರಿದಂತೆ ನಗರ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬೋಧನಾ ಶುಲ್ಕ ಜಾರಿಗೆ ಬಂದಿತು. 1847ರಿಂದ ಬಂದ ಪರಂಪರೆ ಅಲ್ಲಿಗೆ ಮುಗಿಯಿತು. ನಾವು ಈ ಬದುಕಿನಲ್ಲಿ ಬಹಳ ಹೊತ್ತು ನಿಲ್ಲುವುದು ಇಲ್ಲಿಯೇ.

ಹೂಡಿಕೆದಾರರಿಗೆ ನಗರದ ನಿಜಸ್ಥಿತಿಯನ್ನು ತಿಳಿಸಲಿಲ್ಲವೆಂದು ಬೀಮ್ ಮತ್ತಿತರರನ್ನು ಆಕ್ಷೇಪಿಸಿದ ಕೇಂದ್ರ ಷೇರು ನಿಯಂತ್ರಣ ಆಯೋಗದ ವರದಿ 1977ರ ಆಗಸ್ಟಿನಲ್ಲಿ ಹೊರಬಂದಿತು. ಮರುತಿಂಗಳೇ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ಅವರು ಎಡ್ ಕಾಚ್, ಮಾರಿಯೋ ಕ್ವೊಮೊ ಅವರ ಹಿಂದೆ ಮೂರನೆಯವರಾದರು. 2001ರ ಫೆಬ್ರವರಿ 10ರಂದು, 94ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಕಾಲದಲ್ಲಿ ಬಂದ ಮಂಡಳಿಯ ಹಿಡಿತ ಸಡಿಲವಾದದ್ದು 1986ರಲ್ಲಿ.