ಪಿಕಪ್ ಟ್ರಕ್ ಬೆಡ್‌ನ ತುಕ್ಕು ದುರಸ್ತಿ

ಪಿಕಪ್ ಟ್ರಕ್ ಬೆಡ್‌ನ ತುಕ್ಕು ದುರಸ್ತಿ ಎಂದರೆ ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿರುವ ತೆರೆದ ಸರಕು ತೊಟ್ಟಿಯ ತುಕ್ಕು ಹಿಡಿದ ಭಾಗಗಳನ್ನು ಸರಿಪಡಿಸುವ ಅಥವಾ ಇಡೀ ತೊಟ್ಟಿಯನ್ನೇ ಬದಲಿಸುವ ಕಾರ್ಯ. ಈ ತೊಟ್ಟಿಯನ್ನು ಬೆಡ್ ಎಂದು ಕರೆಯುತ್ತಾರೆ. ಚಳಿಗಾಲದಲ್ಲಿ ರಸ್ತೆಗಳಿಗೆ ಉಪ್ಪು ಹಾಕುವ ಕೆನಡಾ ಹಾಗೂ ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ರಾಜ್ಯಗಳಲ್ಲಿ ಹಳೆಯ ಟ್ರಕ್ಕುಗಳಿಗೆ ಇದು ಹೆಚ್ಚಾಗಿ ಅಗತ್ಯವಾಗುತ್ತದೆ. ಎಂಜಿನ್ ಸುಸ್ಥಿತಿಯಲ್ಲಿದ್ದರೂ ಲೋಹ ಕೊಳೆತ ಕಾರಣಕ್ಕೆ ಅಲ್ಲಿ ಅನೇಕ ವಾಹನಗಳು ಗುಜರಿ ಸೇರುತ್ತವೆ.

ರಚನೆ

ಫೋರ್ಡ್ ಕಂಪನಿಯು 1925ರಲ್ಲಿ ತನ್ನ ಮಾಡೆಲ್ ಟಿ ವಾಹನವನ್ನು ಕಾರ್ಖಾನೆಯಲ್ಲೇ ಪಿಕಪ್ ತೊಟ್ಟಿ ಜೋಡಿಸಿ ಮಾರಲಾರಂಭಿಸಿತು. ಬಹುತೇಕ ಪಿಕಪ್‌ಗಳಲ್ಲಿ ಚಾಲಕನ ಕ್ಯಾಬಿನ್ ಮತ್ತು ಬೆಡ್ ಪ್ರತ್ಯೇಕವಾಗಿದ್ದು, ಎರಡೂ ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ ಬೋಲ್ಟ್‌ಗಳಿಂದ ನಿಂತಿರುತ್ತವೆ. ಬೆಡ್ ಬದಲಿಸಲು ಸಾಧ್ಯವಾಗುವುದು ಇದರಿಂದಲೇ. 1961ರಿಂದ 1963ರ ಅವಧಿಯ ಕೆಲವು ಫೋರ್ಡ್ ಎಫ್-100 ಟ್ರಕ್ಕುಗಳು ಇದಕ್ಕೆ ಅಪವಾದ. ಅವುಗಳಲ್ಲಿ ಕ್ಯಾಬಿನ್ ಮತ್ತು ಬೆಡ್ ಒಂದೇ ಕವಚವಾಗಿವೆ.

ತುಕ್ಕಿನ ಕಾರಣಗಳು

ಉಕ್ಕಿಗೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಕ್ರಿಯೆ ತೀವ್ರವಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಬಣ್ಣ ಗುಳ್ಳೆಯೇಳುತ್ತದೆ, ಎರಡು ತಗಡುಗಳು ಸೇರುವ ಹೊಲಿಗೆ ಬಿರಿಯುತ್ತದೆ. ಚಕ್ರದ ಮೇಲಿನ ಕಮಾನುಗಳಲ್ಲಿ ಕೆಸರು ನಿಂತು, ಒಳತಗಡು ಮೊದಲು ಕೊಳೆಯುತ್ತದೆ. ಹೊರಗೆ ಗುಳ್ಳೆ ಕಾಣುವ ವೇಳೆಗೆ ಒಳಗಿನ ಹಾನಿ ಬಹಳ ಮುಂದುವರಿದಿರುತ್ತದೆ. ನೆಲದ ಅಡಿಯ ಅಡ್ಡತೊಲೆಗಳದೂ ಇದೇ ಪಾಡು. ಬೆಡ್‌ನ ರಕ್ಷಣೆಗೆಂದು ಹಾಕಿದ ಪ್ಲಾಸ್ಟಿಕ್ ಹೊದಿಕೆಯೇ ಕೆಲವೊಮ್ಮೆ ಶತ್ರುವಾಗುವುದುಂಟು: ಅದರಡಿ ಸೇರಿದ ಮರಳು ಬಣ್ಣವನ್ನು ಉಜ್ಜಿ ತೆಗೆಯುತ್ತದೆ, ತೇವ ಅಲ್ಲಿಯೇ ಉಳಿಯುತ್ತದೆ.

ಚಾಸಿಯ ಪರೀಕ್ಷೆ

ಬೆಡ್‌ಗೆ ಹಣ ಹಾಕುವ ಮುನ್ನ ಚಾಸಿಯನ್ನು ಪರೀಕ್ಷಿಸುವುದು ಅತ್ಯಗತ್ಯ. ತೂತು ಬಿದ್ದ ಬೆಡ್ ಸರಕನ್ನು ಚೆಲ್ಲಬಹುದು. ಕೊಳೆತ ಚಾಸಿ ಓಡುವಾಗಲೇ ಮುರಿಯಬಹುದು. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಉಕ್ಕು ಖಣಖಣ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡಿ ಪದರ ಪದರವಾಗಿ ಉದುರುತ್ತದೆ. ಹಿಂಬದಿಯ ಪಟ್ಟಿ ಸ್ಪ್ರಿಂಗ್‌ಗಳ ಆಸರೆಗಳನ್ನೂ ಬ್ರೇಕ್ ಕೊಳವೆಗಳನ್ನೂ ವಿಶೇಷವಾಗಿ ನೋಡಬೇಕು. 1995–2000ರ ಮಾದರಿಗಳ ಟಕೋಮಾ ಪಿಕಪ್‌ಗಳಲ್ಲಿ ಚಾಸಿ ಕೊಳೆತ ಪ್ರಕರಣಗಳ ಬಳಿಕ, ಟೊಯೋಟಾ ಕಂಪನಿಯು 2008ರಲ್ಲಿ ಅವುಗಳ ಚಾಸಿಯ ತುಕ್ಕಿಗೆ ಖಾತರಿಯನ್ನು 15 ವರ್ಷಗಳಿಗೆ ವಿಸ್ತರಿಸಿತು.

ದುರಸ್ತಿ

ಮೇಲ್ಮೈಯ ತುಕ್ಕನ್ನು ಉಜ್ಜಿ ತೆಗೆದು, ಫಾಸ್ಫಾರಿಕ್ ಆಮ್ಲವುಳ್ಳ ದ್ರಾವಣ ಹಚ್ಚಿ, ಪ್ರೈಮರ್ ಮತ್ತು ಬಣ್ಣ ಬಳಿದರೆ ಸಾಕು. ತೂತು ಬಿದ್ದಲ್ಲಿ ಇದು ಸಾಲದು. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ತೂತಿನ ಮೇಲೆ ಪುಟ್ಟಿ ಮೆತ್ತಿದರೆ ಹಿಂಬದಿಯಿಂದ ತುಕ್ಕು ಮುಂದುವರಿಯುತ್ತದೆ. ಕಮಾನು, ನೆಲ, ಅಡ್ಡತೊಲೆಗಳ ಸಿದ್ಧ ತಗಡುಗಳು ಜನಪ್ರಿಯ ಮಾದರಿಗಳಿಗೆ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಮರದ ಹಲಗೆಗಳ ನೆಲವಿರುವ ಹಳೆಯ ಬೆಡ್‌ಗಳಲ್ಲಿ ಹಲಗೆ ಬದಲಿಸುವುದು ತಗಡು ಬೆಸೆಯುವುದಕ್ಕಿಂತ ಸುಲಭ. ಸತು ಲೇಪಿತ ತಗಡನ್ನು ಬೆಸೆಯುವಾಗ ಏಳುವ ಹೊಗೆ ಜ್ವರ ತರಿಸಬಲ್ಲದಾದ್ದರಿಂದ, ಬೆಸುಗೆಯ ಜಾಗದ ಲೇಪವನ್ನು ಮೊದಲೇ ತೆಗೆಯುತ್ತಾರೆ. ಇಂಧನ ಟ್ಯಾಂಕ್ ಅನೇಕ ಟ್ರಕ್ಕುಗಳಲ್ಲಿ ಬೆಡ್‌ನ ಕೆಳಗೇ ಇರುತ್ತದೆ. ಅದರ ಸಮೀಪ ಕಿಡಿ ಹಾರಿಸುವುದು ಪ್ರಾಣಾಪಾಯಕಾರಿ.

ಬದಲಾವಣೆ

ಅಡ್ಡತೊಲೆಗಳು, ನೆಲ, ಪಕ್ಕದ ಗೋಡೆಗಳು ಎಲ್ಲವೂ ಹಾಳಾಗಿದ್ದರೆ ಬೆಸುಗೆಯ ಕೂಲಿಯೇ ಹೊಸ ಬೆಡ್‌ನ ಬೆಲೆಯನ್ನು ಮೀರಬಹುದು. ಉತ್ತರದವರು ಅರಿಜೋನಾದಂತಹ ಒಣಹವೆಯ ರಾಜ್ಯಗಳಿಂದ ತುಕ್ಕಿಲ್ಲದ ಹಳೆಯ ಬೆಡ್ ತರಿಸುವುದು ರೂಢಿ. ಉದ್ದ ಮಾತ್ರವಲ್ಲ, ತಲೆಮಾರು, ಬೋಲ್ಟ್ ರಂಧ್ರಗಳ ಸ್ಥಾನ ಮತ್ತು ಇಂಧನ ತುಂಬುವ ಬಾಯಿಯ ಸ್ಥಾನವೂ ಹೊಂದಬೇಕು. ಸುಮಾರು 8 ಅಡಿಯ ಉದ್ದ ಬೆಡ್ ಗಿಡ್ಡ ಚಾಸಿಗೆ ಕೂರದು.

ಬಿಚ್ಚುವಾಗ ಹಿಂದೀಪಗಳ ತಂತಿ ಮತ್ತು ಇಂಧನ ಕೊಳವೆಯ ಬಾಯಿಯನ್ನು ಮೊದಲು ಕಳಚುತ್ತಾರೆ. ಜಡ್ಡುಗಟ್ಟಿದ ಬೋಲ್ಟ್‌ಗಳಿಗೆ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಹಾಕುವುದು ವಾಡಿಕೆ. ಆದರೂ ಬಾರದವನ್ನು ಕತ್ತರಿಸಿ, ಹೊಸ ಬೋಲ್ಟ್ ಬಳಸುತ್ತಾರೆ. ಹಿಂಬಾಗಿಲನ್ನು ತೆಗೆದಿಟ್ಟರೆ ಭಾರ ಕಡಿಮೆಯಾಗುತ್ತದೆ. ನಾಲ್ಕಾರು ಜನ ಅಥವಾ ಒಂದು ಎತ್ತುಯಂತ ಬೆಡ್ಡನ್ನು ಎತ್ತಲು ಸಾಕು. ಬೆಡ್ ಇಲ್ಲದ ಆ ಹೊತ್ತು ಅಪರೂಪದ ಅವಕಾಶ: ಚಾಸಿಯ ಮೇಲ್ಭಾಗಕ್ಕೆ ಬಣ್ಣ ಹಚ್ಚುವುದು, ಬ್ರೇಕ್ ಕೊಳವೆ ಬದಲಿಸುವುದು, ಟ್ಯಾಂಕಿನೊಳಗಿನ ಇಂಧನ ಪಂಪ್ ನೋಡುವುದು ಆಗಲೇ ಸುಲಭ. ಕೆಲವರು ಮೂಲ ಬೆಡ್‌ನ ಬದಲು ಸಮತಟ್ಟಾದ ಮರದ ಅಥವಾ ಅಲ್ಯೂಮಿನಿಯಂ ವೇದಿಕೆ ಕೂರಿಸುತ್ತಾರೆ. ಅಲ್ಯೂಮಿನಿಯಂ ನೇರವಾಗಿ ಉಕ್ಕಿಗೆ ತಗುಲಿದರೆ ಉಪ್ಪುನೀರಿನಲ್ಲಿ ಅದು ಬೇಗ ಸವೆಯುವುದರಿಂದ ನಡುವೆ ರಬ್ಬರ್ ಪಟ್ಟಿ ಇಡಬೇಕಾಗುತ್ತದೆ.